ತಳ ಒಡೆಯದ ದೋಣಿ

ಅಪ್ಪ ತೀರಿಕೊಂಡದ್ದನ್ನು ನೆನೆಸಿಕೊಂಡರೆ ನನಗೆ ಮೊದಲು ಬರುವುದು ಅಳುವಲ್ಲ, ನಾಚಿಕೆ. ಇಷ್ಟು ವರ್ಷಗಳ ಮೇಲೂ ಹಾಗೆಯೇ. ಅಳು ಬಂದರೂ ನಾಚಿಕೆಯ ಹಿಂದಿನಿಂದ ಬರುತ್ತದೆ. ಇದನ್ನು ಬರೆದಿಡಬೇಕು ಅನ್ನಿಸಿದ್ದು ಈ ವರ್ಷ ಅವ್ವನೂ ಹೋದ ಮೇಲೆ. ಆ ಸಂಗತಿ ಪೂರ್ತಿ ಗೊತ್ತಿದ್ದವರಲ್ಲಿ ನಮ್ಮ ಮನೆಯಲ್ಲಿ ಈಗ ಉಳಿದವನು ನಾನೊಬ್ಬನೇ.

ನಮ್ಮದು ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣಾ ಹೊಳೆಯ ದಂಡೆಯ ಹಳ್ಳಿ. ಅಪ್ಪ ಅಲ್ಲಿಯ ಕಡವಿನ ಅಂಬಿಗ. ಆಚೆ ದಂಡೆಯ ಹೊಲಕ್ಕೆ ಹೋಗುವವರು, ಸಂತೆಗೆ ಬರುವವರು, ಹಾಲಿನ ಕ್ಯಾನು, ಆಡು, ಸೈಕಲ್ಲು, ಮದುಮಕ್ಕಳು, ಎಲ್ಲರೂ ಎಲ್ಲವೂ ಅವನ ದೋಣಿಯಲ್ಲೇ ದಾಟಬೇಕು. ನಾನು ಏಳನೆಯ ಇಯತ್ತೆ ಮುಗಿಸಿ ಹುಟ್ಟು ಹಿಡಿದೆ. ಮುಂದೆ ಕಲಿಯುವ ಮನಸ್ಸು ನನಗೂ ಇರಲಿಲ್ಲ, ಅಪ್ಪನೂ ಒತ್ತಾಯ ಮಾಡಲಿಲ್ಲ.

ಅಪ್ಪನಿಗೆ ಮಾತು ಕಡಿಮೆ. ಒಂದು ವಿಷಯವನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದ. ಆಳಿಲ್ಲದ ದೋಣಿ ತೇಲಿ ಬಂದರೆ ಅಂಬಿಗನಾದವನು ಮೊದಲು ದೋಣಿಯನ್ನು ನೋಡಬಾರದು, ಅದು ಬಂದ ದಿಕ್ಕಿನ ನೀರನ್ನು ನೋಡಬೇಕು. ದೋಣಿ ಇನ್ನೊಂದು ಗಳಿಗೆ ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಮುಳುಗುವವನ ತಲೆ ಕಾಣುವುದಿಲ್ಲ. ನೀರು ನೋಡಿದ ಮೇಲೆ ದೋಣಿ ಹಿಡಿದು ದಡಕ್ಕೆ ಕಟ್ಟಬೇಕು. ಒಳಗಿದ್ದದ್ದು ಒಂದು ಬೀಡಿಯಾದರೂ ತನ್ನದೆನ್ನಬಾರದು. ಯಾರಾದರೂ ಬಿದ್ದಿರಬಹುದು ಎಂಬ ಗುಮಾನಿ ಬಂದರೆ ಕಡವು ಬಂದ್, ಹುಡುಕಿ ಮುಗಿಯುವ ತನಕ ಒಬ್ಬರನ್ನೂ ದಾಟಿಸುವಂತಿಲ್ಲ. ಆಮೇಲೆ ಮೇಲಿನ ಕಡವಿಗೆ ಸುದ್ದಿ ಮುಟ್ಟಿಸಬೇಕು, ಅವರು ತಮ್ಮ ಮೇಲಿನವರಿಗೆ. ದೋಣಿ ಯಾರದೋ ಅವರ ಬಾಗಿಲ ತನಕ ಸುದ್ದಿ ಹೊಳೆಗೆ ಎದುರಾಗಿ ನಡೆಯಬೇಕು.

ಇದನ್ನು ಅಪ್ಪ ಬರೀ ಬಾಯಲ್ಲಿ ಹೇಳಿದವನಲ್ಲ. ಎಂಬತ್ತರ ದಶಕದ ಮೊದಲಿನ ಮಾತು, ನಾನು ಹುಟ್ಟು ಹಿಡಿದ ಹೊಸತು. ಒಂದು ಮದುವೆಯ ಬೀಗರನ್ನು ದಾಟಿಸುತ್ತಿದ್ದಾಗ ಮೇಲಿನಿಂದ ಒಂದು ಸಣ್ಣ ದೋಣಿ ಬಂತು, ಒಳಗೆ ಯಾರೂ ಇಲ್ಲ, ಹಗ್ಗ ನೀರಲ್ಲಿ ಎಳೆದಾಡುತ್ತಿದೆ. ಅಪ್ಪ ಅರ್ಧ ಬೀಗರನ್ನು ಈ ದಂಡೆಯಲ್ಲಿ, ಇನ್ನರ್ಧವನ್ನು ಆ ದಂಡೆಯಲ್ಲಿ ಬಿಟ್ಟು ನೀರಿಗಿಳಿದ. ಹಳದಿ ಪಟಗಾ ಸುತ್ತಿದ ವರನ ಸೋದರಮಾವ ದಡದಲ್ಲಿ ಅತ್ತಿಂದಿತ್ತ ತಿರುಗಿ, ಅಕ್ಕಿಕಾಳು ಬೀಳುವ ಹೊತ್ತಾಯಿತೆಂದು ಅಪ್ಪನನ್ನು ಬೈದ.

ಅಪ್ಪ ಎದೆಮಟ್ಟದ ನೀರಲ್ಲಿ ನಿಂತು ಹೇಳಿದ: "ನಿಮ್ಮ ಮದಿವಿ ತಾಸ ತಡಾ ಆದ್ರ ನಡೀತೈತ್ರಿ. ಮುಳಿಗಿದಾಂವಗ ನಡೆಯೂದಿಲ್ಲ."

ಕೊನೆಗೆ ದಂಡೆಗುಂಟ ಏದುಸಿರು ಬಿಡುತ್ತ ಒಬ್ಬ ರೈತ ಓಡಿ ಬಂದ. ದೋಣಿಯ ಹಗ್ಗವನ್ನು ಎಮ್ಮೆ ಕಟ್ಟಿದ ಗೂಟಕ್ಕೇ ಕಟ್ಟಿದ್ದನಂತೆ, ಎಮ್ಮೆ ಗೂಟ ಕಿತ್ತುಕೊಂಡು ನಡೆದುಬಿಟ್ಟಿತ್ತು. ಬೀಗರೆಲ್ಲ ನಕ್ಕರು. ಆಮೇಲೆ ಎಷ್ಟೋ ತಿಂಗಳು ಊರಲ್ಲಿ, ಅಂಬಿಗಾ, ಎಮ್ಮಿ ಸಿಕ್ಕಿತೇನೋ ನೀರಾಗ, ಅನ್ನುವುದು ಚೇಷ್ಟೆಯ ಮಾತಾಯಿತು. ಅಪ್ಪ ಮುಖ ಒರೆಸಿಕೊಂಡು ದೋಣಿ ನೂಕುವ ಗಳ ಹಿಡಿಯುತ್ತಿದ್ದ, ಅಷ್ಟೆ. ಅವನ ಮಗನಾಗಿ ನನಗೇ ಸಂಕೋಚವಾಗುತ್ತಿತ್ತು. ಆದರೆ ಅದು ಆ ವಯಸ್ಸಿನ ಸಂಕೋಚ. ನಾನು ಹೇಳಲು ಹೊರಟಿರುವುದು ಬೇರೆ.

ಹೊಳೆಗುಂಟ ನಮ್ಮ ಅಂಬಿಗರ ಮನೆತನಗಳಲ್ಲಿ ಒಂದು ರೂಢಿ ಇತ್ತು. ಅಂಬಿಗ ಸತ್ತರೆ ಅವನು ನಡೆಸಿದ ದೋಣಿಯನ್ನು ಮತ್ತೊಬ್ಬರು ನಡೆಸುವುದಿಲ್ಲ. ಸತ್ತವನ ದಿವಸ ಮಾಡುವ ದಿನ ಅವನ ರುಮಾಲು, ಚಪ್ಪಲಿ, ಎಲೆ ಅಡಿಕೆ ತಂಬಾಕಿನ ಚಂಚಿಯನ್ನು ಅದರಲ್ಲಿಟ್ಟು, ನಡುಹೊಳೆಗೆ ಒಯ್ದು, ತಳದ ಹಲಗೆ ಒಡೆದು ಮುಳುಗಿಸಬೇಕು. ಮಗನೇ ಒಡೆಯಬೇಕು. ಒಡೆದು ಹಿಂದಕ್ಕೆ ಹೊಳ್ಳಿ ನೋಡದೆ ಬರಬೇಕು. ತಳ ಒಡೆಯುವುದು ಯಾಕೆಂದು ನಾನು ಅಪ್ಪನನ್ನು ಕೇಳಿದ್ದೆ. ಕೆಳಗಿನವರು ಸುಮ್ಮನೆ ಹುಡುಕಬಾರದಲ್ಲ, ಅಂದಿದ್ದ. ಅಂದರೆ ನನಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ.

ಅಪ್ಪ ಹೋದದ್ದು ತೊಂಬತ್ತರ ದಶಕದ ಆರಂಭದಲ್ಲಿ, ದೀಪಾವಳಿಯ ಹಿಂದುಮುಂದು. ಎದೆಯ ಕಾಯಿಲೆ. ಚಿಕ್ಕೋಡಿ ದವಾಖಾನೆ ಆಯಿತು, ಮೀರಜ ಆಯಿತು, ಮನೆಗೆ ಬಂದು ಹೋದ. ಆ ಬೇಸಿಗೆಯಲ್ಲೇ, ಕೆಮ್ಮುತ್ತ ಕೆಮ್ಮುತ್ತ, ನಾವಿಬ್ಬರೂ ದೋಣಿಯನ್ನು ದಡದಲ್ಲಿ ಬೋರಲು ಹಾಕಿ ಡಾಂಬರು ಬಳಿದಿದ್ದೆವು. ಹಲಗೆಯ ಸಂದಿಗೆ ಹತ್ತಿ ತುಂಬುವ ಕೆಲಸ ನನಗೆ ಬಿಡಲಿಲ್ಲ. ನಿನ್ನ ಬೆರಳಿಗೆ ಅವಸರ ಭಾಳ ಅಂದು ಬಿಸಿಲಲ್ಲಿ ತಾನೇ ಕೂತು ಗೇಣು ಗೇಣು ತುಂಬಿದ. ಆ ಮಳೆಗಾಲ ಪೂರ್ತಿ ದೋಣಿಯಲ್ಲಿ ನೀರು ಮೊಗೆಯುವ ಡಬ್ಬಿಗೆ ಕೆಲಸವಿರಲಿಲ್ಲ.

ದಿವಸದ ದಿನ ಸಂಜೆ ಕಾಕಾ, ಅಂದರೆ ಅಪ್ಪನ ತಮ್ಮ, ತನ್ನ ದೊಡ್ಡ ದೋಣಿ ತಂದ. ನಾನು ಅಪ್ಪನ ದೋಣಿಯಲ್ಲಿ ಕೂತೆ. ತಲೆ ಬೋಳಿಸಿದ್ದರು, ಗಾಳಿ ನೆತ್ತಿಗೆ ತಣ್ಣಗೆ ತಾಗುತ್ತಿತ್ತು. ಆ ವರ್ಷ ಹಿಂಗಾರು ಚೆನ್ನಾಗಿ ಆಗಿ ಹೊಳೆಗೆ ಇನ್ನೂ ಸೆಳೆತವಿತ್ತು. ನಡುಹೊಳೆಗೆ ಬಂದ ಮೇಲೆ ಕಾಕಾ ನನ್ನ ಕೈಗೆ ಹಾರೆ ಕೊಟ್ಟು, ರೂಢಿಯಂತೆ ಬೆನ್ನು ತಿರುಗಿಸಿ ನಿಂತ.

ಕಾಲ ಬಳಿ ಅಪ್ಪನ ಚಪ್ಪಲಿ. ಅಥಣಿಯಿಂದ ತರಿಸಿದ್ದು, ಹಿಮ್ಮಡಿಯ ಹತ್ತಿರ ಬಲಗಾಲಿನದು ಹೆಚ್ಚು ಸವೆದಿತ್ತು, ಗಳ ಊರುವಾಗ ಅವನು ಆ ಕಾಲಿನ ಮೇಲೆ ಭಾರ ಹಾಕುತ್ತಿದ್ದ. ಹಾರೆಯ ತುದಿಯನ್ನು ಸಂದಿಗೆ ಇಟ್ಟೆ. ಅವನು ತುಂಬಿದ ಹತ್ತಿ, ಅವನ ಹೆಬ್ಬೆರಳಿನ ಗುರುತು ಡಾಂಬರಿನಲ್ಲಿ ಹಾಗೇ ಒಣಗಿತ್ತು. ಹಾರೆ ಎತ್ತಲು ಆಗಲಿಲ್ಲ.

ದಡದಲ್ಲಿ ಅವ್ವ, ನೆಂಟರು, ಊರವರು ಸಪ್ಪಳಕ್ಕೆ ಕಾಯುತ್ತಿದ್ದರು. ಕೂರುವ ಅಡ್ಡಹಲಗೆಯ ಮೇಲೆ ಹಾರೆಯಿಂದ ಜೋರಾಗಿ ಬಡಿದೆ. ಮತ್ತೊಮ್ಮೆ ಬಡಿದೆ. ದಡದಲ್ಲಿ ಅಳು ಎದ್ದಿತು. ನಾನು ಕಾಕಾನ ದೋಣಿಗೆ ದಾಟಿಕೊಂಡೆ. ಹಳೆಯ ದೋಣಿ, ತಾನಾಗಿ ನೀರು ಕುಡಿದು ಕತ್ತಲಲ್ಲಿ ಎಲ್ಲೋ ಮುಳುಗುತ್ತದೆ ಅಂದುಕೊಂಡೆ. ಅಪ್ಪನ ಕೈಗೆಲಸ ಎಂಥದ್ದೆಂದು ಗೊತ್ತಿದ್ದೂ ಹಾಗೆ ಅಂದುಕೊಂಡೆ. ಯಾರೂ ಹೊಳ್ಳಿ ನೋಡಲಿಲ್ಲ.

ಒಂದು ದಿನ ಬಿಟ್ಟು ಬೆಳಿಗ್ಗೆ ಕೆಳಗಿನ ಕಡವಿನ ಅಂಬಿಗ ಸೈಕಲ್ ಹೊಡೆದುಕೊಂಡು ಬಂದ. ಕುಡಚಿಯ ಕೆಳಗಿನ ಕಡವಿನಿಂದ ಕಡವಿಗೆ ಕಡವಿಗೆ ದಾಟಿ ಬಂದ ಸುದ್ದಿಯನ್ನು ಕೇಳಿದ್ದು ಕೇಳಿದಂತೆ ಹೇಳಿದ.

"ಖಾಲಿ ದೋಣಿ ಸಿಕ್ಕೈತಂತ. ಒಳಗ ಚಪ್ಪಲಿ, ರುಮಾಲಾ, ಚಂಚಿ ಎಲ್ಲಾ ಹಂಗ ಅದಾವಂತ, ಮನಿಶ್ಯಾ ಇಲ್ಲ. ಹಾರ್ಕೊಂಡಾನೋ ಬಿದ್ದಾನೋ ತಿಳೀವಲ್ದು. ನಿನ್ನಿಂದ ನೀರಾಗ ಇಳದು ಹುಡಕಾಕತ್ತಾರ. ನಿಮ್ಮ ಕಡೆ ಯಾರರೆ ಕಾಣವಲ್ರೇನು ಕೇಳ್ರಿ. ಮ್ಯಾಲಿನ ಕಡವಿಗೂ ಹೇಳ್ರಿ."

ಚಹಾ ಕುಡಿದು ಅವನು ಹೋದ. ಕಾಕಾ ನನ್ನ ಮುಖ ನೋಡಿದ.

"ತಳಾ ಒಡದಿದ್ದಿಲ್ಲೇನಲೇ?"

ನಾನು ಬಗ್ಗಿ ಅಂಬಿಗ ಕುಡಿದಿಟ್ಟ ಚಹಾದ ಕಪ್ಪು ಎತ್ತಿಕೊಂಡೆ. ಕಾಕಾ ಬೈಯಲಿಲ್ಲ. ದನಿ ತಗ್ಗಿಸಿ, ಇನ್ನೊಂದು ದಿನ ಹುಡುಕಿ ತಾವೇ ಬಿಡುತ್ತಾರೆ, ಸುಮ್ಮನಿದ್ದುಬಿಡು, ಅಣ್ಣ ಸತ್ತ ಮೇಲೆ ಅವನ ಹೆಸರು ಕಡವು ಕಡವಿಗೆ ನಗೆಗೀಡಾಗುವುದು ಬೇಡ ಅಂದ. ಮೇಲಿನ ಕಡವಿಗೆ ಸುದ್ದಿ ಕಳಿಸುವುದನ್ನು ತಾನು ನೋಡಿಕೊಳ್ಳುತ್ತೇನೆ ಅಂತಲೂ ಅಂದ. ಅಂದರೆ ಸುಳ್ಳು ಸುದ್ದಿ ಹೊಳೆಗುಂಟ ಇನ್ನೂ ಮೇಲೆ ಹೋಗುತ್ತಿತ್ತು. ಇಲ್ಲದ ಮನುಷ್ಯನನ್ನು ಇನ್ನೆಷ್ಟೋ ಊರುಗಳಲ್ಲಿ ಹುಡುಕುತ್ತಿದ್ದರು. ನನಗೆ ಅದು ಒಪ್ಪಿಗೆಯೇ ಆಗಿತ್ತು. ಇದನ್ನೂ ಹೇಳಬೇಕು.

ಒಳಗಿನಿಂದ ಅವ್ವ ಕೇಳಿಸಿಕೊಂಡಿದ್ದಳು. ಬಾಗಿಲಿಗೆ ಬರಲಿಲ್ಲ, ಹೊಸದಾಗಿ ವಿಧವೆಯಾದವಳು ಹೊರಗೆ ಬರುತ್ತಿರಲಿಲ್ಲ. ಅಲ್ಲಿಂದಲೇ ಹೇಳಿದಳು:

"ನೀರಾಗ ಇಳದಾವ್ರೂ ಯಾರದರೆ ಮಕ್ಕಳ ಅಲ್ಲೇನು?"

ಟವೆಲ್ ತಲೆಗೆ ಸುತ್ತಿಕೊಂಡು ನಾನು ರಾಯಬಾಗದ ಬಸ್ಸು ಹಿಡಿದೆ. ಅಲ್ಲಿಂದ ಕುಡಚಿ. ಕುಡಚಿಯಿಂದ ಕಬ್ಬಿನ ಹೊಲಗಳ ನಡುವೆ ನಡೆದು ಹೊಳೆಗಿಳಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಒಂದು ಸಲ, ಆ ದೋಣಿ ಕಳುವಾಗಿತ್ತು ಅನ್ನೋಣವೆಂದುಕೊಂಡೆ. ಮತ್ತೊಂದು ಸಲ, ಕಾಕಾ ಒಡೆಯಬೇಕಿತ್ತು, ಮರೆತ ಅನ್ನೋಣವೆಂದುಕೊಂಡೆ.

ದಂಡೆಯ ತುಂಬ ಮಂದಿ. ಆಚೆ ದಂಡೆಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ಗಂಟು ಮೂಟೆ ಮಕ್ಕಳ ಸಮೇತ ದಾಟಲಾಗದೆ ಕೂತಿದ್ದರು. ನೀರಲ್ಲಿ ಐದಾರು ಜನ ಕೈ ಕೈ ಹಿಡಿದು ಕಾಲಿನಿಂದ ತಳ ತಡಕುತ್ತ ನಡೆಯುತ್ತಿದ್ದರು. ಮಡುವಿನ ಹತ್ತಿರ ಇಬ್ಬರು ಮುಳುಗಿ ಮುಳುಗಿ ಏಳುತ್ತಿದ್ದರು, ತುಟಿ ನೀಲಿಗಟ್ಟಿತ್ತು. ಅಪ್ಪನ ದೋಣಿ ಬೇವಿನ ಬುಡಕ್ಕೆ ಕಟ್ಟಿತ್ತು, ಒಳಗೆ ಒಂದು ಬೊಗಸೆ ನೀರೂ ಇರಲಿಲ್ಲ.

ನಾನು ಮೇಲಿನ ಕಡವಿನವನು, ಆ ದೋಣಿಯ ವಿಷಯಕ್ಕೆ ಬಂದೆ ಅಂದೆ. ಅಷ್ಟೇ ಅಂದದ್ದು. ಮಂದಿ ದಾರಿ ಬಿಟ್ಟರು. ಸತ್ತವನ ಮನೆಯವನು ಬಂದ ಅಂದುಕೊಂಡರು. ಒಬ್ಬ ನನ್ನ ರಟ್ಟೆ ಹಿಡಿದು ನೆರಳಿಗೆ ಕರೆದೊಯ್ದ, ಇನ್ನೊಬ್ಬ ಚಹಾ ತಂದು ಕೈಗಿಟ್ಟ. ಕಡವಿನ ಅಂಬಿಗ ಬಿಳಿಗಡ್ಡದ ಮುಸಲ್ಮಾನ ಹಿರಿಯರು, ಎಲ್ಲರೂ ಚಾಚಾ ಅನ್ನುತ್ತಿದ್ದರು. ಅವರ ಹೆಂಡತಿ ತಮ್ಮ ಮನೆಯ ಕಟ್ಟೆಯ ಮೇಲೆ ಒಂದು ಮಣೆ ಹಾಕಿ ಅದರ ಮೇಲೆ ಅಪ್ಪನ ಚಪ್ಪಲಿ, ರುಮಾಲು, ಚಂಚಿ ಇಟ್ಟಿದ್ದರು. ನಾಯಿ ಮುಟ್ಟದಂತೆ ಮೇಲೆ ಬುಟ್ಟಿ ಬೋರಲು ಹಾಕಿತ್ತು. ಆಕೆ ಬುಟ್ಟಿ ಎತ್ತಿ, ಯಾವ ತಾಯಿಯ ಮಗನೋ ಎಂದು ನಿನ್ನೆಯಿಂದ ತುತ್ತು ಇಳಿದಿಲ್ಲಪ್ಪ ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಚಪ್ಪಲಿಯನ್ನು ಕಂಡು ನಾನು ಟವೆಲ್ ತೆಗೆದು ಬಗ್ಗಿದೆ. ಬಗ್ಗಿದವನಿಗೆ ಏಳಲು ಆಗಲಿಲ್ಲ. ಚಾಚಾ ನನ್ನ ತಲೆ ನೋಡುತ್ತಿದ್ದರು.

"ಕೂದಲಾ ಮೊನ್ನೆ ತಗಸೀದಿ, ತಮ್ಮಾ. ದೋಣಿ ನಮಗ ಸಿಕ್ಕದ್ದು ನಿನ್ನಿ."

ದೋಣಿ ಸಿಗುವ ಮೊದಲೇ ಸಾವಾಗಿದೆಯೆಂದು ಅವರು ಲೆಕ್ಕ ಹಾಕಿದ್ದರು.

"ಇದು ನಮ್ಮಪ್ಪಂದ್ರಿ," ಅಂದೆ. "ಮನ್ಯಾಗ ತೀರ್ಕೊಂಡಾನ್ರಿ. ನೀರಾಗ ಯಾರೂ ಇಲ್ರಿ."

ಚಾಚಾ ಮೊದಲು ನನ್ನನ್ನು ಏನೂ ಕೇಳಲಿಲ್ಲ. ಹೊಳೆಯ ಕಡೆ ತಿರುಗಿ, ಎರಡೂ ಕೈ ಮೇಲೆತ್ತಿ, ಮುಳುಗುತ್ತಿದ್ದವರಿಗೆ ಕೂಗಿ ಹೇಳಿದರು, ಯಾರೂ ಇಲ್ಲ, ಮೇಲೆ ಬರ್ರಿ. ಅವರ ಹೆಂಡತಿ ಮುಖ ಮೇಲೆತ್ತಿ, ಯಾರೂ ಇಲ್ಲೇನು, ಯಾರೂ ಇಲ್ಲೇನು ಎಂದು ಎರಡು ಸಲ ಕೇಳಿ, ಅಲ್ಲಾನಿಗೆ ಶುಕ್ರಿಯಾ ಹೇಳಿ ಒಲೆ ಹೊತ್ತಿಸಲು ಒಳಗೆ ಹೋದರು. ಆ ಸಂತೋಷ ನೋಡುವುದಕ್ಕಿಂತ ಹೊಡೆಸಿಕೊಳ್ಳುವುದು ಸುಲಭವಾಗಿರುತ್ತಿತ್ತು.

ನೀರಿಂದ ಬಂದವರು ನಡುಗುತ್ತ ನಿಂತರು. ಅವರಲ್ಲಿ ಒಬ್ಬ, ನನ್ನ ಓರಿಗೆಯವನು, ಲುಂಗಿ ಹಿಂಡುತ್ತ ಅಂದ:

"ಅಲ್ಲಲೇ, ನಿಮ್ಮಪ್ಪನ ಸಲವಾಗಿ ನಮ್ಮಪ್ಪಗ ಇಬ್ಬರ ಮಕ್ಕಳು ಕಡಿಮಿ ಆಗ್ತಿದ್ರಲ್ಲೋ."

ಅವನು ಚಾಚಾನ ಮಗ. ನಗೆಯ ದನಿಯಲ್ಲೇ ಅಂದ, ಆದರೆ ನಗಲಿಲ್ಲ. ಚಾಚಾ ಅವನನ್ನು ಗದರಿಸಲಿಲ್ಲ. ದೋಣಿಯ ಹತ್ತಿರ ಹೋಗಿ ತಳದ ಸಂದಿಯ ಮೇಲೆ ಬೆರಳಾಡಿಸಿದರು.

"ಚಲೋ ಕೈ," ಅಂದರು. "ಯಾಕ ಒಡೀಲಿಲ್ಲ?"

"ಕೈ ಬರ್ಲಿಲ್ರಿ."

"ಹಾರಿ ತಂದಿಯೇನು?"

ನಾನು ತಂದಿರಲಿಲ್ಲ. ಬರಿಗೈಯಲ್ಲಿ ಬಂದಿದ್ದೆ. ದೋಣಿಯನ್ನು ಏನು ಮಾಡುವುದೆಂದು ದಾರಿಯಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ, ನನ್ನ ಮರ್ಯಾದೆಯನ್ನೇ ಯೋಚಿಸುತ್ತ ಬಂದಿದ್ದೆ. ಚಾಚಾ ತಲೆಯಾಡಿಸಿ, ಹಾರೆ ತಮ್ಮ ಮನೆಯಲ್ಲಿದೆ, ಸಂಜೆ ಕೊಡುತ್ತೇನೆ ಅಂದರು. ಅದಕ್ಕೆ ಮೊದಲು ಆಚೆ ದಂಡೆಯ ಮಂದಿಯ ಕಡೆ ಕೈ ತೋರಿಸಿದರು. ನಿನ್ನೆಯಿಂದ ಕೂತಿದ್ದಾರೆ, ತಮ್ಮದೊಂದೇ ದೋಣಿಯಿಂದ ಕತ್ತಲಾಗುವುದರೊಳಗೆ ಮುಗಿಯುವುದಿಲ್ಲ. ತಮ್ಮ ಮಕ್ಕಳ ಕೈಕಾಲು ಸೆಟೆದಿವೆ. ನೀನೂ ಅಂಬಿಗ, ದೋಣಿಯೂ ಇದೆ ಅಂದರು.

ಸತ್ತವನ ದೋಣಿಯಲ್ಲಿ ಜನರನ್ನು ದಾಟಿಸುವುದು ನಮ್ಮ ರೂಢಿಗೆ ವಿರುದ್ಧ. ಹಾಗೆಂದು ಹೇಳುವ ಮುಖ ನನಗಿರಲಿಲ್ಲ. ಹುಟ್ಟು ತೆಗೆದುಕೊಂಡೆ.

ಸಂಜೆಯ ತನಕ ದಾಟಿಸಿದೆ. ಗುರುತಿಲ್ಲದ ನೀರು, ಎಲ್ಲಿ ಸುಳಿ ಎಲ್ಲಿ ಬಂಡೆ ತಿಳಿಯದು. ಚಾಚಾ ತಮ್ಮ ದೋಣಿಯಿಂದ ಗಳ ಎತ್ತಿ ದಾರಿ ತೋರಿಸುತ್ತಿದ್ದರು. ದೋಣಿ ಮಾತ್ರ ನನ್ನ ಮಾತು ಕೇಳಿತು. ಅಪ್ಪ ಅಲ್ಲೇ ಮುಂದೆ ಕೂತಿದ್ದಾನೆ ಅನ್ನಿಸಲಿಲ್ಲ, ಹಾಗೆ ಬರೆದರೆ ಸುಳ್ಳಾಗುತ್ತದೆ. ಅವನು ಇಲ್ಲ ಅನ್ನುವುದೇ ಅವತ್ತು ಮೊದಲ ಸಲ ಸರಿಯಾಗಿ ತಿಳಿಯಿತು. ದೋಣಿ ದಡಕ್ಕೆ ತಾಗುವ ಮೊದಲು ಜಿಗಿದು ಹಗ್ಗ ಹಿಡಿಯುವವನು ಅವನು. ನಾನು ಹುಟ್ಟನ್ನು ಕೆಳಗಿಟ್ಟು, ನಾನೇ ಜಿಗಿದು, ನಾನೇ ಹಗ್ಗ ಹಿಡಿಯಬೇಕಾಗಿತ್ತು.

ನಾನು ಯಾರೆಂದು ಆಚೆ ದಂಡೆಯವರಿಗೆ ಗೊತ್ತಿರಲಿಲ್ಲ. ಸುದ್ದಿ ಮಾತ್ರ ಮುಟ್ಟಿತ್ತು. ಒಂದು ಸರತಿಗೆ ಗ್ಯಾಂಗಿನ ಮೇಲಾಳು ಮುಕಾದಮ, ಕೋಳಿ ಹಿಡಿದ ಮುದುಕಿ, ಕೂಸುಗಳ ತಾಯಂದಿರು ಹತ್ತಿದರು. ಮುಕಾದಮನಿಗೆ ಸಿಟ್ಟು ಇಳಿದಿರಲಿಲ್ಲ. ಮೇಲಿನ ಕಡೆಯ ಯಾವನೋ ಬುದ್ಧಿಗೇಡಿ ಅಪ್ಪನ ದೋಣಿ ತೇಲಿಬಿಟ್ಟು ಮಜಾ ನೋಡಿದನಂತೆ, ಅವನ ಕಾಲು ಕಟ್ಟಿ ಈ ಮಡುವಿಗೆ ಒಗೆಯಬೇಕು ಅಂದ. ಮುದುಕಿ ಅದಕ್ಕೆ ಇನ್ನಷ್ಟು ಸೇರಿಸಿದಳು. ನಾನು ಹುಟ್ಟು ಹಾಕುತ್ತಲೇ ಇದ್ದೆ. ಮುಕಾದಮ ನನ್ನ ಕಡೆ ತಿರುಗಿದ.

"ನೀ ಹೊಸಬ ಕಾಣ್ತಿ. ಆ ಮಗನ್ನ ನೋಡಿದೇನು?"

"ನೋಡೀನ್ರಿ."

"ಹೆಂಗ ಅದಾನ?"

"ನನ್ನಂಗ ಅದಾನ್ರಿ."

ಅವನು ನಗಲು ಬಾಯಿ ತೆರೆದು, ನನ್ನ ತಲೆ ನೋಡಿ, ಮುಚ್ಚಿಕೊಂಡ. ದಡ ಬರುವ ತನಕ ದೋಣಿಯಲ್ಲಿ ಕೋಳಿ ಮಾತ್ರ ಸದ್ದು ಮಾಡಿತು. ಇಳಿಯುವಾಗ ಮುದುಕಿ ನನ್ನ ಹೆಗಲು ಹಿಡಿದು ಇಳಿದಳು. ಹಿಡಿದ ಕೈಯನ್ನು ಕೂಡಲೇ ಬಿಡಲಿಲ್ಲ.

ಹೊತ್ತು ಮುಳುಗುವ ಮುಂಚೆ ಚಾಚಾ ಹಾರೆ ತಂದರು. ಅವರ ಹೆಂಡತಿ ಚಪ್ಪಲಿ, ರುಮಾಲು, ಚಂಚಿಯನ್ನು ಹೇಗಿತ್ತೋ ಹಾಗೆ ದೋಣಿಯಲ್ಲಿಟ್ಟರು. ಅವರ ಮಗ, ಲುಂಗಿ ಹಿಂಡಿದವನು, ತಾನೇ ಬಂದು ಎರಡು ದೊಡ್ಡ ಕಲ್ಲು ಹೊತ್ತು ಹಾಕಿದ. ಈ ಪರಿ ಡಾಂಬರು ಬಳಿದ ದೋಣಿ ತೂತು ಬಿದ್ದರೂ ಬೇಗ ಮುಳುಗುವುದಿಲ್ಲ ಅಂದ.

ನಡುಹೊಳೆಯಲ್ಲಿ ಚಾಚಾ ತಮ್ಮ ದೋಣಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ನಾನು ಹಾರೆ ಎತ್ತಿದೆ. ಮೊದಲ ಏಟಿಗೆ ಹಲಗೆ ಬಿರಿಯಲಿಲ್ಲ. ಅಪ್ಪ ತುಂಬಿದ ಹತ್ತಿ ನಾರು ನಾರಾಗಿ ಎದ್ದಿತು, ಡಾಂಬರಿನ ಹೊಸ ವಾಸನೆ ಬಂತು. ಮತ್ತೆ ಮತ್ತೆ ಬಡಿದೆ. ಎಷ್ಟು ಸಲ ಗೊತ್ತಿಲ್ಲ. ಕೊನೆಗೆ ನೀರು ಒಳಗೆ ಬಂದು ನನ್ನ ಪಾದ ಮುಟ್ಟಿತು, ಆಮೇಲೆ ಅಪ್ಪನ ಚಪ್ಪಲಿ ಮುಟ್ಟಿತು. ಚಾಚಾ ಕೈ ಚಾಚಿ ನನ್ನನ್ನು ತಮ್ಮ ದೋಣಿಗೆ ಎಳೆದುಕೊಂಡರು.

ನಾನು ರೂಢಿಯಂತೆ ಬೆನ್ನು ತಿರುಗಿಸಿದೆ. ಅವರು ನನ್ನ ಭುಜ ಹಿಡಿದು ತಿರುಗಿಸಿದರು.

"ಹೊಳ್ಳಿ ನೋಡಬಾರ್ದು ಅಂತ ನಿಮ್ಮಾಗ ಹೇಳ್ತಾರ, ಗೊತ್ತೈತಿ. ಅದು ಮಂದಿಗೆ. ಅಂಬಿಗ ನೋಡಬೇಕು. ಪೂರಾ ಮುಳಗೂತನಾ ನೋಡಬೇಕು."

ನೋಡಿದೆ. ಮುಂದಲೆ ಬಹಳ ಹೊತ್ತು ನೀರಿನ ಮೇಲಿತ್ತು. ರುಮಾಲು ಬಿಚ್ಚಿಕೊಂಡು ಒಂದು ಸಲ ಮೇಲೆ ಬಂದು ನೆಂದು ಕೆಳಗಿಳಿಯಿತು. ಆಮೇಲೆ ನೀರು ಮುಚ್ಚಿಕೊಂಡಿತು, ಗುಳ್ಳೆ ಬಂದವು, ಗುಳ್ಳೆಯೂ ನಿಂತವು. ಆಗ ಚಾಚಾ ಬಾಯಿಗೆ ಕೈ ಇಟ್ಟು ಕೆಳಗಿನ ಕಡವಿನ ದಿಕ್ಕಿಗೆ ಕೂಗಿದರು, ದೋಣಿ ಬರುವುದಿಲ್ಲ, ಯಾರೂ ಹುಡುಕಬೇಡಿ ಎಂದು. ಎಲ್ಲೋ ದೂರದಿಂದ ಒಂದು ಓಗೊಡುವಿಕೆ ಕೇಳಿತು.

ಮರುದಿನ ಮನೆ ಮುಟ್ಟಿದೆ. ನನಗಿಂತ ಮೊದಲೇ ಸುದ್ದಿ ಕಡವು ಹತ್ತಿ ಬಂದಿತ್ತು. ಕಾಕಾ ದೋಣಿಯಿಂದ ನೀರು ಮೊಗೆದು ಹಾಕುತ್ತಿದ್ದ, ತಲೆ ಎತ್ತಲಿಲ್ಲ. ಕೆಲವು ತಿಂಗಳು ಊರವರು ನನ್ನನ್ನು ಕಂಡರೆ, ಅಪ್ಪ ಎಮ್ಮಿ ಹುಡುಕಿದ, ಮಗ ಅಪ್ಪನ್ನ ಹುಡುಕಿಸಿದ, ಅನ್ನುತ್ತಿದ್ದರು. ನಾನು ಮುಖ ಒರೆಸಿಕೊಂಡು ಗಳ ಹಿಡಿಯುತ್ತಿದ್ದೆ. ಅಪ್ಪ ಯಾಕೆ ಹಾಗೆ ಮಾಡುತ್ತಿದ್ದನೆಂದು ಆಗ ತಿಳಿಯಿತು, ಬೇರೆ ಮಾಡಲು ಏನೂ ಇರುವುದಿಲ್ಲ.

ನಾನು ಮನೆ ಮುಟ್ಟಿದ ದಿನ ಅವ್ವ ಒಳಗಿನ ಕತ್ತಲಲ್ಲಿ ಕೂತಿದ್ದಳು. ನಾನು ಹೊಸ್ತಿಲಲ್ಲಿ ನಿಂತೆ.

"ಮುಳಿಗಿತೇನು?" ಅಂದಳು.

"ಮುಳಿಗಿತು."

"ನೀ ನೋಡಿದಿ?"

"ನೋಡಿದ್ನಿ, ಯವ್ವಾ."

ಅವಳು ಅತ್ತು ಮುಗಿಸಿದ್ದಾಳೆ ಎಂದು ನಾನು ತಿಳಿದಿದ್ದೆ. ಮುಗಿಸಿರಲಿಲ್ಲ. ನನ್ನ ಸುಳ್ಳು ಸಪ್ಪಳಕ್ಕೆ ದಡದಲ್ಲಿ ಅತ್ತದ್ದನ್ನು ಅವಳು ಅವತ್ತು ಮತ್ತೆ ಮೊದಲಿನಿಂದ ಅಳಬೇಕಾಯಿತು.